ಸರ್ಕಾರಿ ಒಟಿಟಿಗೆ ಸಿನಿಮಾ ಆರಿಸುವವರಿಗೆ, ಊಟ ಆದಮೇಲೆ ಸಿನಿಮಾ ನೋಡುವವನ ಪತ್ರ

ಮಾನ್ಯರೇ,

2025ರ ಮಾರ್ಚ್‌ನ ರಾಜ್ಯ ಬಜೆಟ್‌ನಲ್ಲಿ ಸಿನಿಮಾ ಬಗ್ಗೆ ಹೇಳಿದ ಮಾತುಗಳಲ್ಲಿ ಟಿಕೆಟ್ ದರ 200 ರೂಪಾಯಿ ದಾಟಬಾರದು ಅನ್ನೋದೊಂದೇ ಎಲ್ಲರ ಬಾಯಲ್ಲೂ ಓಡಾಡಿತು. ಆದೇಶ ಬಂತು, ಹೈಕೋರ್ಟಿನಲ್ಲಿ ತಡೆಯೂ ಬಂತು. ಅದು ಹಾಗಿರಲಿ. ನಾನು ಪೇಪರ್ ಮಡಚಿ ಇಟ್ಟುಕೊಂಡಿದ್ದು ಬೇರೆ ಎರಡು ಸಾಲಿಗೆ. ಒಂದು, ಕನ್ನಡ ಸಿನಿಮಾಗಳಿಗೆ ಸರ್ಕಾರದ್ದೇ ಒಂದು ಒಟಿಟಿ. ಇನ್ನೊಂದು, ಮಹತ್ವದ ಕನ್ನಡ ಸಿನಿಮಾಗಳನ್ನು ಕಾಪಾಡಿ ಇಡುವ ಭಂಡಾರಕ್ಕೆ 3 ಕೋಟಿ ರೂಪಾಯಿ.

ಈ ಪತ್ರ ಆ ಒಟಿಟಿಯಲ್ಲಿ ಯಾವ ಸಿನಿಮಾ ಇರಬೇಕು ಅಂತ ತೀರ್ಮಾನ ಮಾಡಲು ಕೂರುವವರಿಗೆ. ನೀವು ವಾರ್ತಾ ಇಲಾಖೆಯವರಿರಬಹುದು, ಚಲನಚಿತ್ರ ಅಕಾಡೆಮಿಯವರಿರಬಹುದು, ಯಾವುದೋ ಸಮಿತಿಯವರಿರಬಹುದು. ಸಮಿತಿ ಅಂದಮೇಲೆ ನಿರ್ದೇಶಕರು, ವಿಮರ್ಶಕರು, ಪ್ರಾಧ್ಯಾಪಕರು ಇದ್ದೇ ಇರುತ್ತಾರೆ. ನನ್ನಂಥವನು ಇರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ತಿಪಟೂರಿನಲ್ಲಿ ಅಂಗಡಿ ಇಟ್ಟವನು. ರಾತ್ರಿ ಶಟರ್ ಎಳೆದು ಮನೆಗೆ ಬಂದು, ಊಟ ಮಾಡಿ, ಸಿನಿಮಾ ಹಾಕಿಕೊಂಡು ಕೂರುತ್ತೇನೆ. ಪಕ್ಕದಲ್ಲಿ ಅಮ್ಮ, ಹೆಂಡತಿ, ಪರೀಕ್ಷೆ ಇಲ್ಲದಿದ್ದಾಗ ಮಗಳು. ಚೆನ್ನಾಗಿದ್ದರೆ ನಿದ್ದೆಗೆಟ್ಟು ನೋಡುತ್ತೇವೆ. ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ರಿಮೋಟ್ ಕೈಗೆ ಬರುತ್ತದೆ. ನಿಮ್ಮ ಒಟಿಟಿ ಉಳಿಯೋದು, ಮುಳುಗೋದು ಆ ಹತ್ತು ನಿಮಿಷದಲ್ಲಿ.

ಹಾಗಾದರೆ ನಾವು ಯಾವುದನ್ನು ಕೊನೇವರೆಗೂ ನೋಡುತ್ತೇವೆ? ಪ್ರಶಸ್ತಿ ಬಂದಿದ್ದನ್ನೂ ಅಲ್ಲ, ಕೋಟಿ ಕೋಟಿ ಬಾಚಿದ್ದನ್ನೂ ಅಲ್ಲ. ‘ನಿನಗೂ ಅರ್ಥ ಆಗುತ್ತೆ, ನೋಡು’ ಅಂತ ನಮ್ಮನ್ನು ನಂಬುವ ಸಿನಿಮಾವನ್ನು. ನಂಬದ ಸಿನಿಮಾ ಎಷ್ಟು ದೊಡ್ಡದಾದರೂ ಕಿರಿಕಿರಿ.

‘ತಿಥಿ’ ತೆಗೆದುಕೊಳ್ಳಿ. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ 2015ರಲ್ಲಿ ಪ್ರಶಸ್ತಿ ಗೆದ್ದ ಸಿನಿಮಾ ಅಂತ ಗೊತ್ತಿದ್ದರೆ ನಮ್ಮಮ್ಮ ಕೂರುತ್ತಲೇ ಇರಲಿಲ್ಲ. ನಾನು ಹೇಳಲಿಲ್ಲ. ಶುರುವಿನಲ್ಲೇ ಸೆಂಚುರಿ ಗೌಡ ಬೀದಿ ಬದಿ ಕೂತು ಹೋಗುವವರು ಬರುವವರನ್ನೆಲ್ಲ ಬೈಯುತ್ತಾನೆ. ಆಮೇಲೆ ಸತ್ತುಹೋಗುತ್ತಾನೆ, 101 ವರ್ಷಕ್ಕೆ. ಅಮ್ಮ ‘ನಮ್ಮೂರಿನ ಜನಾನೇ ಹಿಡ್ಕೊಂಡು ಬಂದವ್ರೆ’ ಅಂದರು. ನಿಜ, ಅವರು ಯಾರೂ ನಟರಲ್ಲ. ಮಂಡ್ಯ ಕಡೆಯ ನೊದೆಕೊಪ್ಪಲಿನಲ್ಲಿ, ಅಲ್ಲಿನ ಜನರನ್ನೇ ಹಾಕಿಕೊಂಡು ಮಾಡಿದ್ದು.

ಸೆಂಚುರಿ ಗೌಡನ ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು. ಅವನ ಅಪ್ಪ ಗಡ್ಡಪ್ಪನಿಗೆ ಜಮೀನೂ ಬೇಡ, ಏನೂ ಬೇಡ. ಒಂದು ಟೈಗರ್ ಬ್ರಾಂದಿ ಕ್ವಾರ್ಟರ್ ಇದ್ದರೆ ದಿನವೆಲ್ಲ ನಡೆಯುತ್ತಾ ಇರುತ್ತಾನೆ. ಮಗ ಬದುಕಿರುವ ಅಪ್ಪನಿಗೆ ಡೆತ್ ಸರ್ಟಿಫಿಕೇಟ್ ಮಾಡಿಸಲು ಓಡಾಡುತ್ತಾನೆ. ನಾವು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಗಡ್ಡಪ್ಪ ಕುರಿಗಾಹಿಗಳ ಜೊತೆ ರಾತ್ರಿ ಬೆಂಕಿ ಮುಂದೆ ಕೂತು ತನ್ನ ಕಥೆ ಹೇಳುತ್ತಾನೆ. ಪಿಟೀಲು ಇಲ್ಲ, ಮಳೆ ಇಲ್ಲ, ಫ್ಲ್ಯಾಶ್‌ಬ್ಯಾಕ್ ಇಲ್ಲ. ಒಬ್ಬ ಮುದುಕ ಒಂದೇ ದನಿಯಲ್ಲಿ ಮಾತಾಡುತ್ತಾನೆ, ಅಷ್ಟೇ. ಅದುವರೆಗೂ ಹುಚ್ಚ ಅಂತ ನಗುತ್ತಿದ್ದ ಮನುಷ್ಯ ಯಾಕೆ ನಡೀತಾ ಇದ್ದಾನೆ ಅಂತ ಆಗ ಹೊಳೆಯುತ್ತದೆ. ಮನೆಯಲ್ಲಿ ಯಾರೂ ಮಾತಾಡಲಿಲ್ಲ. ನಿರ್ದೇಶಕ ರಾಮ್ ರೆಡ್ಡಿಯಾಗಲಿ, ಬರೆದ ಈರೇಗೌಡರಾಗಲಿ ನಮಗೆ ‘ಈಗ ಅಳಿ’ ಅಂತ ಎಲ್ಲೂ ಹೇಳಲಿಲ್ಲ.

ಇನ್ನೊಂದು ‘ಘಟಶ್ರಾದ್ಧ’. ಇದಕ್ಕೆ ರಾಷ್ಟ್ರಪ್ರಶಸ್ತಿಯ ಸ್ವರ್ಣ ಕಮಲ ಬಂದಿದೆ, ಪಾಠದಲ್ಲಿದೆ, ಭಾಷಣದಲ್ಲಿದೆ. ಅದರಿಂದಲೇ ನನ್ನಂಥವರು ದೂರ ಇದ್ದಿದ್ದು. ಪ್ರಶಸ್ತಿ ಸಿನಿಮಾ ಅಂದರೆ ಕಪ್ಪು ಬಿಳುಪು, ನಿಧಾನ, ಕೊನೇಲಿ ಅರ್ಥ ಆಗಲ್ಲ ಅಂತ ಒಂದು ನಂಬಿಕೆ ನಮ್ಮಲ್ಲಿದೆ. ಆದರೆ ಇದು ನಾಣಿ ಅನ್ನೋ ಪುಟ್ಟ ಹುಡುಗನ ಕಣ್ಣಿನಲ್ಲಿ ನಡೆಯುವ ಕಥೆ. ವೇದ ಕಲಿಯಲು ಬಿಟ್ಟುಹೋದ ಹುಡುಗ, ಊರು ನೆನೆದು ಅಳುತ್ತಾನೆ. ಅವನಿಗೆ ತಾಯಿಯ ಹಾಗೆ ಆಗುವವಳು ಉಪಾಧ್ಯಾಯರ ಮಗಳು ಯಮುನಕ್ಕ, ವಿಧವೆ. ದೊಡ್ಡವರು ಪಿಸುಗುಟ್ಟುವುದು ಹುಡುಗನಿಗೆ ಅರ್ಧ ಅರ್ಥ ಆಗುತ್ತದೆ, ನಮಗೆ ಪೂರ್ತಿ ಅರ್ಥ ಆಗುತ್ತದೆ. ಆ ನಡುವಿನ ಜಾಗದಲ್ಲೇ ಭಯ ಹುಟ್ಟೋದು. ಯಮುನಕ್ಕ ಹುತ್ತದೊಳಗೆ ಕೈ ಇಡುವಾಗ ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಯಾವ ದೆವ್ವದ ಸಿನಿಮಾಗೂ ಅವಳು ಹಾಗೆ ಮಾಡಿದವಳಲ್ಲ.

ಹಾಗಾಗಿ ಮೊದಲನೇ ಕೋರಿಕೆ ಏನಪ್ಪಾ ಅಂದರೆ, ದಯವಿಟ್ಟು ‘ಪ್ರಶಸ್ತಿ ವಿಜೇತ ಚಿತ್ರಗಳು’ ಅಂತ ಒಂದು ಕಪಾಟು ಮಾಡಿ ಇವನ್ನೆಲ್ಲ ಅದರೊಳಗೆ ತುಂಬಬೇಡಿ. ‘ಘಟಶ್ರಾದ್ಧ’ವನ್ನು ಥ್ರಿಲ್ಲರ್‌ಗಳ ಪಕ್ಕ ಇಡಿ. ‘ತಿಥಿ’ಯನ್ನು ಕಾಮಿಡಿಗಳ ಸಾಲಿನಲ್ಲಿ ಇಡಿ. ಜನ ತಾವಾಗೇ ಒತ್ತುತ್ತಾರೆ.

ಕಾಮಿಡಿ ಅಂದೆ. ‘ಗಣೇಶನ ಮದುವೆ’ಗೆ ಯಾವ ಸಮಿತಿಯಲ್ಲೂ ಮಾರ್ಕ್ಸ್ ಸಿಗಲಿಕ್ಕಿಲ್ಲ. 1990ರ ಸಿನಿಮಾ, ಒಂದು ವಠಾರ, ಬಾಡಿಗೆದಾರರಿಗೆ ಕಾಟ ಕೊಡುವ ಓನರ್ ರಮಣಮೂರ್ತಿ ಆಗಿ ಮುಖ್ಯಮಂತ್ರಿ ಚಂದ್ರು, ಅವರ ಮಗಳಾಗಿ ವಿನಯಾ ಪ್ರಸಾದ್, ಅವರಿಬ್ಬರ ಮಧ್ಯೆ ಅನಂತ್ ನಾಗ್. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದವರಿಗೆ ಆ ಜಗಳಗಳೆಲ್ಲ ಬಾಯಿಪಾಠವಾಗಿಬಿಟ್ಟಿವೆ. ಆದರೂ ಟಿವಿಯಲ್ಲಿ ಬಂದಾಗಲೆಲ್ಲ ನೋಡುತ್ತೇವೆ. ಆಗಿನ ವಠಾರ ಹೇಗಿತ್ತು, ಅಂಗಳದಲ್ಲಿ ಜನ ಹೇಗೆ ಜಗಳ ಆಡುತ್ತಿದ್ದರು, ಆಮೇಲೆ ಹೇಗೆ ರಾಜಿ ಆಗುತ್ತಿದ್ದರು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ದಾಖಲೆ ಬೇಕಾ? ನಿಮ್ಮ ಭಂಡಾರದ ‘ಮಹತ್ವ’ದ ಪಟ್ಟಿಯಲ್ಲಿ ಇಂಥವಕ್ಕೂ ಜಾಗ ಇರಲಿ.

‘ಪುಷ್ಪಕ ವಿಮಾನ’ದ ವಿಷಯ ನಿಮಗೆ ಹೇಳಬೇಕಿಲ್ಲ. ಒಂದು ಮಾತೂ ಇಲ್ಲದ ಸಿನಿಮಾ. ದೊಡ್ಡ ಹೋಟೆಲಿನ ಮೆತ್ತನೆ ಹಾಸಿಗೆಯಲ್ಲಿ ಕಮಲಹಾಸನ್‌ಗೆ ನಿದ್ದೆ ಬರುವುದಿಲ್ಲ. ಯಾಕೆ? ಸದ್ದು ಇಲ್ಲ. ತನ್ನ ಹಳೇ ರೂಮಿನ ಪಕ್ಕದ ಗದ್ದಲವನ್ನು ಟೇಪ್‌ರೆಕಾರ್ಡರಿನಲ್ಲಿ ತುಂಬಿಕೊಂಡು ಬಂದು ಹಾಕಿಕೊಂಡು ಮಲಗುತ್ತಾನೆ. ಬಡವ ಶ್ರೀಮಂತ ಅಂತ ಎರಡು ಗಂಟೆ ಡೈಲಾಗ್ ಹೊಡೆದರೂ ಬರದ ಮಾತು ಅಲ್ಲಿ ಮಾತಿಲ್ಲದೇ ಬಂತು. 1987ರಲ್ಲಿ ಬೆಂಗಳೂರಿನಲ್ಲಿ ಇಂಥದ್ದನ್ನು ತೆಗೆದಿದ್ದಾರೆ, ಶೃಂಗಾರ್ ನಾಗರಾಜ್ ದುಡ್ಡು ಹಾಕಿದ್ದಾರೆ. ಆ ಧೈರ್ಯ ಈಗ ಯಾರಿಗಿದೆ?

ಶಂಕರ್ ನಾಗ್ ಅವರ ‘ಆಕ್ಸಿಡೆಂಟ್’ ಕೂಡ ಹಾಗೇ. ಹಾಡೇ ಇಲ್ಲ. ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ರಾಜಕಾರಣಿಯ ಮಗ ಅಮಲಿನಲ್ಲಿ ಕಾರು ಹತ್ತಿಸುತ್ತಾನೆ. ಆ ಸಿನಿಮಾ ಬಂದು ನಲವತ್ತು ವರ್ಷ ಆಯಿತು. ಮೊನ್ನೆ ಪೇಪರಿನಲ್ಲಿ ಓದಿದ ಸುದ್ದಿಯ ಹಾಗೇ ಇದೆ.

ಇನ್ನು ನನಗೆ ಆಗದ ಸಿನಿಮಾಗಳು. ಇಲ್ಲಿ ಸ್ವಲ್ಪ ಬೈಗುಳ ಇರುತ್ತದೆ, ಕ್ಷಮೆ ಇರಲಿ.

‘ಕೆಜಿಎಫ್’ ಎರಡನೇದನ್ನು ಥಿಯೇಟರಿನಲ್ಲೇ ನೋಡಿದೆ. ಶಿಳ್ಳೆ ನಾನೂ ಹೊಡೆದೆ, ಸುಳ್ಳು ಯಾಕೆ ಹೇಳಲಿ. ಗುಂಡು ಹಾರಿಸಿ ಕೆಂಪಗೆ ಕಾದ ಬಂದೂಕಿನ ನಳಿಕೆಯಲ್ಲಿ ರಾಕಿ ಸಿಗರೇಟು ಹಚ್ಚುತ್ತಾನಲ್ಲ, ಆಗ ಥಿಯೇಟರ್ ಎದ್ದು ನಿಂತಿತ್ತು. ಆದರೆ ಆಮೇಲೆ ಬಂದ ಸಿನಿಮಾಗಳೆಲ್ಲ ಆ ಸಿಗರೇಟಿನಿಂದಲೇ ಬೆಂಕಿ ಹಚ್ಚಿಕೊಂಡವು. ಎಲ್ಲೆಲ್ಲೂ ಬೂದಿ ಬಣ್ಣ, ಗಡ್ಡ, ಕೊಡಲಿ, ಗಣಿ. ಒಬ್ಬ ಮುದುಕರು ಗಡಸು ದನಿಯಲ್ಲಿ ‘ಅವನು ಬರ್ತಾನೆ’ ಅಂತಾರೆ. ಅವನು ಬರುವಷ್ಟರಲ್ಲಿ ನಮಗೆ ಆಕಳಿಕೆ. ಎಲೆ ಹಾಕಿ, ಉಪ್ಪು ಉಪ್ಪಿನಕಾಯಿ ಬಡಿಸಿ, ಮುಕ್ಕಾಲು ಗಂಟೆ ಅನ್ನದ ಗುಣಗಾನ ಮಾಡಿದ ಹಾಗೆ. ನಾಯಕ ದೊಡ್ಡವನು ಅಂತ ಅವನು ಮಾಡುವ ಕೆಲಸದಿಂದ ನಮಗೆ ಗೊತ್ತಾಗಬೇಕು. ಪಕ್ಕದಲ್ಲಿ ನಿಂತವರು ಬಾಯಿ ಬಡಿದುಕೊಂಡರೆ ಆಗುತ್ತಾ?

‘ಕಾಂತಾರ’ದ ಕೊನೆಯ ಭಾಗ ನೋಡಿ ಮೈ ಜುಮ್ ಅಂದಿದ್ದು ನಿಜ. ಅದನ್ನು ಅಲ್ಲಗಳೆಯುವವರ ಜೊತೆ ನಾನು ವಾದಕ್ಕೆ ನಿಲ್ಲುತ್ತೇನೆ. ಆದರೆ ಅದೇ ಸಿನಿಮಾದಲ್ಲಿ ಶಿವ ಲೀಲಾಳ ಸೊಂಟ ಚಿವುಟುತ್ತಾನೆ, ಅದು ಪ್ರೀತಿ ಅಂತೆ. ನನ್ನ ಮಗಳು ‘ಅವಳು ಒಂದು ಏಟು ಬಿಡ್ಬಾರ್ದಾ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ದೈವದ ವಿಷಯದಲ್ಲಿ ಅಷ್ಟೊಂದು ಎಚ್ಚರ ವಹಿಸಿದವರು ಇಲ್ಲಿ ಇಷ್ಟು ಸದರ ತೋರಿಸಿದ್ದು ಯಾಕೋ.

ಮಾಸ್ ಸಿನಿಮಾವನ್ನು ಬೈಯೋದು ಸುಲಭ, ಎಲ್ಲರೂ ಬೈಯುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಸಿಟ್ಟು ಬರುವುದು ಸಂದೇಶದ ಸಿನಿಮಾ ಕಂಡರೆ. ನಿಮಗೆ ಗೊತ್ತಿರುತ್ತದೆ, ಸಹಾಯಧನದ ಅರ್ಜಿಗಳ ಜೊತೆ ಇಂಥವು ನಿಮ್ಮ ಮುಂದೆ ಸಾಲಾಗಿ ಬರುತ್ತವೆ. ಒಂದು ಸರ್ಕಾರಿ ಶಾಲೆ. ಒಬ್ಬ ಬಿಳಿ ಶರ್ಟಿನ ಮೇಷ್ಟ್ರು. ಓದುವ ಆಸೆಯ ಬಡ ಹುಡುಗಿ. ಕುಡುಕ ಅಪ್ಪ. ಮೇಷ್ಟ್ರು ಮರದ ಕೆಳಗೆ ನಿಂತು ಶಿಕ್ಷಣದ ಬಗ್ಗೆ ಐದು ನಿಮಿಷ ಮಾತಾಡುತ್ತಾರೆ, ಕ್ಯಾಮೆರಾ ಅಲ್ಲಾಡುವುದಿಲ್ಲ. ಕೊನೆಗೆ ಜಿಲ್ಲಾಧಿಕಾರಿ ಕಾರಿನಿಂದ ಇಳಿದು ಚಪ್ಪಾಳೆ ತಟ್ಟುತ್ತಾರೆ. ಊರಿನವರೆಲ್ಲ ಬದಲಾಗುತ್ತಾರೆ. ವಿಷಯ ಒಳ್ಳೇದೇ. ಆದರೆ ಆ ಹುಡುಗಿಗೆ ಒಂದು ಹಟ ಇಲ್ಲ, ಒಂದು ಸುಳ್ಳು ಹೇಳುವುದಿಲ್ಲ, ಪಕ್ಕದವಳ ಪೆನ್ಸಿಲ್ ಕದಿಯುವುದಿಲ್ಲ. ಪೋಸ್ಟರಿನ ಮೇಲಿನ ಮಗು ಅದು. ಇಂಥ ಸಿನಿಮಾಗಳನ್ನು ಸುಮ್ನೆ ಪಟ್ಟಿ ತುಂಬಿಸಲು ಒಟಿಟಿಗೆ ಸುರಿದರೆ, ‘ಸರ್ಕಾರಿ ಒಟಿಟಿ’ ಅನ್ನೋದೇ ಒಂದು ಬೈಗುಳ ಆಗಿಬಿಡುತ್ತದೆ. ಸಂದೇಶ ಒಳ್ಳೇದು ಅಂತ ಸಿನಿಮಾಗೆ ಗ್ರೇಸ್ ಮಾರ್ಕ್ಸ್ ಕೊಡಬೇಡಿ.

ಈಗ ಸಾಕ್ಷ್ಯಚಿತ್ರ. ಇದರ ಬಗ್ಗೆ ನಿಮ್ಮ ಯೋಜನೆಯಲ್ಲಿ ಜಾಸ್ತಿ ಮಾತು ಕೇಳಲಿಲ್ಲ, ಆದರೆ ನಾನು ಇದಕ್ಕೇ ಜಾಸ್ತಿ ಬರೆಯಬೇಕು ಅಂತಿದ್ದೇನೆ.

ನನ್ನ ವಯಸ್ಸಿನವರಿಗೆ ಸಾಕ್ಷ್ಯಚಿತ್ರ ಅಂದರೆ ಥಿಯೇಟರಿನಲ್ಲಿ ಸಿನಿಮಾಗೂ ಮುಂಚೆ ಬರುತ್ತಿದ್ದ ಫಿಲ್ಮ್ಸ್ ಡಿವಿಷನ್ ರೀಲು. ಅಣೆಕಟ್ಟು, ಗೊಬ್ಬರ, ಗಂಭೀರ ದನಿ. ಕಡಲೆಕಾಯಿ ಕೊಳ್ಳಲು ಹೋಗುವ ಹೊತ್ತು ಅದು. ಆ ದನಿ ನಮಗೆ ಒಂದು ಪಾಠ ಕಲಿಸಿಬಿಟ್ಟಿತು: ಸಾಕ್ಷ್ಯಚಿತ್ರ ಅಂದರೆ ಯಾರೋ ಮೇಲೆ ಕೂತು ಹೇಳೋದು, ನಾವು ಕೆಳಗೆ ಕೂತು ಕೇಳೋದು.

ಆಮೇಲೆ ಪ್ರಾಣಿಗಳದ್ದು ಬಂತು. ಅದನ್ನು ಕಣ್ಣುಮುಚ್ಚಿ ನಂಬಿದೆವು. ಪ್ರಾಣಿ ನಟಿಸುತ್ತದಾ? ನಟಿಸುವುದಿಲ್ಲ, ಆದರೆ ಅದರ ಕೈಲಿ ನಟನೆ ಮಾಡಿಸುತ್ತಾರೆ. ಡಿಸ್ನಿಯವರು 1958ರಲ್ಲಿ ‘ವೈಟ್ ವೈಲ್ಡರ್‌ನೆಸ್’ ಅಂತ ಮಾಡಿದ್ದರು. ಅದರಲ್ಲಿ ಲೆಮ್ಮಿಂಗ್ ಅನ್ನೋ ಇಲಿಯಂಥ ಪ್ರಾಣಿಗಳು ಗುಂಪುಗುಂಪಾಗಿ ಬಂಡೆ ಮೇಲಿಂದ ನೀರಿಗೆ ಬಿದ್ದು ಸಾಯುತ್ತವೆ. ಅದಕ್ಕೆ ಆಸ್ಕರ್ ಕೂಡ ಬಂತು. ಲೆಮ್ಮಿಂಗ್‌ಗಳು ಹೀಗೆ ಒಟ್ಟಾಗಿ ಪ್ರಾಣ ಬಿಡುತ್ತವೆ ಅಂತ ಲೋಕವೆಲ್ಲ ನಂಬಿತು. ಆಮೇಲೆ 1980ರ ದಶಕದಲ್ಲಿ ಕೆನಡಾದ ಟಿವಿಯವರು ಬಯಲು ಮಾಡಿದರು: ಚಿತ್ರೀಕರಣ ಮಾಡಿದ ಕಡೆ ಆ ಪ್ರಾಣಿ ಇರಲೇ ಇಲ್ಲ. ಬೇರೆ ಕಡೆಯಿಂದ ತರಿಸಿ, ಕ್ಯಾಮೆರಾ ಮುಂದೆ ನೀರಿಗೆ ದೂಡಿದ್ದರು. ನಾನು ಇಷ್ಟು ದ್ವೇಷಿಸುವ ಇನ್ನೊಂದು ಸಾಕ್ಷ್ಯಚಿತ್ರ ಇಲ್ಲ. ಸುಳ್ಳಿನ ಕಥೆ ಹೇಳುವ ಸಿನಿಮಾ ಕಥೆ ಅಂತ ಹೇಳಿಯೇ ಹೇಳುತ್ತದೆ. ಇದು ಸತ್ಯ ಅಂತ ಚೀಟಿ ಅಂಟಿಸಿ ಮಾರಿತು.

ಇದಕ್ಕೆ ಪೂರ್ತಿ ಎದುರು ನಿಲ್ಲುವುದು ‘ಆಲ್ ದಟ್ ಬ್ರೀದ್ಸ್’, 2022ರದ್ದು, ಶೌನಕ್ ಸೆನ್ ಮಾಡಿದ್ದು. ದೆಹಲಿಯ ಇಬ್ಬರು ಅಣ್ಣತಮ್ಮಂದಿರು, ಸೋಪಿನ ಡಿಸ್ಪೆನ್ಸರ್ ತಯಾರಿಸಿ ಬದುಕುವವರು. ಅದೇ ನೆಲಮಾಳಿಗೆಯಲ್ಲಿ ಗಾಯಗೊಂಡ ಹದ್ದುಗಳಿಗೆ ಚಿಕಿತ್ಸೆ ಮಾಡುತ್ತಾರೆ. ಶುರುವಾಗೋದು ರಾತ್ರಿ ಒಂದು ಕಸದ ಬಯಲಿನಲ್ಲಿ. ಕ್ಯಾಮೆರಾ ನೆಲಕ್ಕೆ ಅಂಟಿಕೊಂಡ ಹಾಗೆ ಮೆಲ್ಲಗೆ ಸರಿಯುತ್ತದೆ, ಇಲಿಗಳು ಓಡಾಡುತ್ತವೆ. ಯಾರೂ ಏನೂ ಹೇಳುವುದಿಲ್ಲ. ಅವರ ಜೊತೆ ಕೆಲಸ ಮಾಡುವ ಹುಡುಗ ಆಟೋದಲ್ಲಿ ಕೂತು ಶರ್ಟಿನ ಜೇಬಿನಿಂದ ಒಂದು ಅಳಿಲು ಮರಿ ತೆಗೆಯುತ್ತಾನೆ. ಅದೂ ವಿವರಣೆ ಇಲ್ಲದೇ! ಊರಿನಲ್ಲಿ ಗಲಾಟೆ ನಡೆಯುತ್ತಿರುತ್ತದೆ, ಹೊಗೆ ತುಂಬಿರುತ್ತದೆ, ಇವರು ಹದ್ದಿನ ರೆಕ್ಕೆಗೆ ಪಟ್ಟಿ ಕಟ್ಟುತ್ತಿರುತ್ತಾರೆ. ನಾನು ಹಿಂದಿ ಅಷ್ಟಿಷ್ಟು ಬಲ್ಲವನು. ಅಮ್ಮನಿಗೆ ಬರುವುದಿಲ್ಲ. ಅವರು ಕಣ್ಣಲ್ಲೇ ಅರ್ಧ ನೋಡಿ ಮಲಗಲು ಹೋದರು. ಕನ್ನಡ ಸಬ್‌ಟೈಟಲ್ ಇದ್ದಿದ್ದರೆ ಹೋಗುತ್ತಿರಲಿಲ್ಲ ಅಂತ ನನ್ನ ಲೆಕ್ಕ.

ಅದಕ್ಕೆ ಹೋಲಿಸಿದರೆ ‘ದ ಎಲಿಫೆಂಟ್ ವಿಸ್ಪರರ್ಸ್’ ನನಗೆ ಅರ್ಧ ಇಷ್ಟ. ಮುದುಮಲೆಯ ಬೊಮ್ಮನ್, ಬೆಳ್ಳಿ, ಅವರು ಸಾಕಿದ ಆನೆಮರಿ ರಘು. ನೋಡಲು ಕಣ್ಣಿಗೆ ತಂಪು. ಆದರೆ ಸಿಹಿ ಜಾಸ್ತಿ. ಮರಿ ಸೊಂಡಿಲು ಎತ್ತಿದರೆ ಸಾಕು, ಹಿಂದೆ ಸಂಗೀತ ಶುರು. ಬೆಳ್ಳಿ ಸುಮ್ಮನೆ ಕೂತಿದ್ದರೇ ನಮಗೆ ಹೊಟ್ಟೆ ಕಿವುಚುತ್ತದೆ, ಅದರ ಮೇಲೆ ಪಿಟೀಲು ಯಾಕೆ?

ನಮ್ಮದೇ ‘ಗಂಧದ ಗುಡಿ’ ಬಗ್ಗೆ ನಿಷ್ಪಕ್ಷಪಾತವಾಗಿ ಬರೆಯಲು ನನ್ನಿಂದ ಆಗುವುದಿಲ್ಲ. ಪುನೀತ್ ಹೋಗಿ ವರ್ಷ ತುಂಬುವ ಹೊತ್ತಿಗೆ, 2022ರ ಅಕ್ಟೋಬರ್ 28ಕ್ಕೆ ಬಂತು. ಅಳದೇ ಹೊರಗೆ ಬಂದವರನ್ನು ನಾನು ಕಾಣಲಿಲ್ಲ. ಆದರೂ ಅದರಲ್ಲಿ ನನಗೆ ಹಿಡಿಸಿದ್ದು ಅಳು ಅಲ್ಲ. ತೆರೆ ಮೇಲೆ ನೂರು ಜನರನ್ನು ಹೊಡೆದ ಮನುಷ್ಯ ಕಾಡಿನಲ್ಲಿ ‘ನಂಗೆ ಹಾವು ಅಂದ್ರೆ ಭಯ’ ಅನ್ನೋ ಥರ ಹಿಂದೆ ಸರಿಯುತ್ತಾನಲ್ಲ, ಅದು. ಸ್ಟಾರ್ ಅಲ್ಲದ ಪುನೀತ್ ನಮಗೆ ಸಿಕ್ಕಿದ್ದು ಸಾಕ್ಷ್ಯಚಿತ್ರದಲ್ಲಿ. ಅದನ್ನು ನಿರ್ದೇಶಿಸಿದ ಅಮೋಘವರ್ಷ, ಕಲ್ಯಾಣ್ ವರ್ಮ ಜೊತೆಗೂಡಿ ಮಾಡಿದ ‘ವೈಲ್ಡ್ ಕರ್ನಾಟಕ’ಕ್ಕೆ, ಪ್ರಾಣಿಗಳ ಸಾಕ್ಷ್ಯಚಿತ್ರಗಳಿಂದಲೇ ಹೆಸರಾದ ಇಂಗ್ಲೆಂಡಿನ ಡೇವಿಡ್ ಅಟೆನ್‌ಬರೋ ದನಿ ಕೊಟ್ಟರು, 2020ರ ಜನವರಿಯಲ್ಲಿ ಅದು ಥಿಯೇಟರಿಗೂ ಬಂತು. ಟಿವಿಗೆ ಬಂದಾಗ ಕನ್ನಡದಲ್ಲಿ ರಿಷಬ್ ಶೆಟ್ಟಿ ಹೇಳಿದರು. ನಮ್ಮ ಕಾಡಿನ ಕಥೆ ನಮ್ಮ ಭಾಷೆಯಲ್ಲಿ ಕೇಳಲು ನಾವು ಅಲ್ಲಿಯವರೆಗೆ ಕಾಯಬೇಕಾಯಿತು.

ಯಾಕೆ ಕಾಯಬೇಕಾಯಿತು ಅಂತ ನಿಮಗೂ ಗೊತ್ತು. ಡಬ್ಬಿಂಗ್ ಬೇಡ ಅನ್ನೋ ಕಾನೂನು ಎಲ್ಲೂ ಇರಲಿಲ್ಲ, ಆದರೂ ಸಿನಿಮಾ ಮಂದಿ ಹಾಕಿದ ಆ ತಡೆ ದಶಕಗಟ್ಟಲೆ ನಡೆಯಿತು. 2012ರಲ್ಲಿ ಆಮೀರ್ ಖಾನ್ ಅವರ ‘ಸತ್ಯಮೇವ ಜಯತೆ’ ತಮಿಳು, ತೆಲುಗು, ಮಲಯಾಳಂ ಟಿವಿಗಳಲ್ಲಿ ಬಂತು, ಕನ್ನಡದಲ್ಲಿ ಬರಲು ಬಿಡಲಿಲ್ಲ. 2015ರಲ್ಲಿ ಕೇಂದ್ರದ ಸ್ಪರ್ಧಾ ಆಯೋಗ ಇದು ಸರಿಯಲ್ಲ ಅಂದಿತು, 2017ರಿಂದ ಡಬ್ ಆದ ಸಿನಿಮಾಗಳು ಶುರುವಾದವು. ಸಿನಿಮಾ ಮಂದಿಯ ಹೊಟ್ಟೆಪಾಡಿನ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಪಕ್ಕದ ರಾಜ್ಯದ ದೊಡ್ಡ ಸಿನಿಮಾಗಳ ಮುಂದೆ ನಿಲ್ಲೋದು ಕಷ್ಟವೇ. ಆದರೆ ತಿಮಿಂಗಿಲದ ಬಗ್ಗೆ, ಜ್ವಾಲಾಮುಖಿಯ ಬಗ್ಗೆ ಕನ್ನಡದಲ್ಲಿ ಕೇಳಿದರೆ ಯಾವ ಕನ್ನಡ ನಟನ ಅನ್ನಕ್ಕೆ ಕಲ್ಲು ಬೀಳುತ್ತಿತ್ತು? ಒಂದಿಡೀ ತಲೆಮಾರಿನ ಮಕ್ಕಳು ಹುಲಿ ನೋಡಿದ್ದು ಹಿಂದಿಯಲ್ಲಿ, ಇಲ್ಲಾ ಇಂಗ್ಲಿಷಿನಲ್ಲಿ. ನಿಮ್ಮ ಒಟಿಟಿ ಒಂದೇ ಒಂದು ಕೆಲಸ ಮಾಡಿದರೂ ನಾನು ಚಂದಾ ಕಟ್ಟುತ್ತೇನೆ: ಜಗತ್ತಿನ ಒಳ್ಳೆ ಸಾಕ್ಷ್ಯಚಿತ್ರಗಳ ಹಕ್ಕು ತಂದು, ಒಳ್ಳೆ ಕನ್ನಡದಲ್ಲಿ ಹೇಳಿಸಿ. ‘ಇದೀಗ ಹೆಣ್ಣು ಚಿರತೆಯು ತನ್ನ ಬೇಟೆಯೆಡೆಗೆ ಮುಂದುವರಿಯುತ್ತಿದೆ’ ಅನ್ನೋ ಕನ್ನಡ ಬೇಡ. ಚಿರತೆ ಹೊಂಚು ಹಾಕಲಿ.

ಇನ್ನು ಪ್ರಿಂಟಿನ ಮಾತು. ಹಳೇ ಸಿನಿಮಾ ಹುಡುಕಿದರೆ ಇಂಟರ್‌ನೆಟ್‌ನಲ್ಲಿ ಸಿಗುವುದು ಎಂಥದ್ದು? ಮುಖದ ಮೇಲೆ ಯಾವುದೋ ಕ್ಯಾಸೆಟ್ ಕಂಪನಿಯ ಮುದ್ರೆ, ಪಕ್ಕಗಳು ಕತ್ತರಿಸಿಹೋಗಿ ಅರ್ಧ ತಲೆ, ದನಿ ಬಾವಿಯೊಳಗಿಂದ ಬಂದಂತೆ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’, 1934ರದ್ದು, ಅದರ ಒಂದು ಪ್ರತಿಯೂ ಉಳಿದಿಲ್ಲ. ಅದು ಹೋಯಿತು, ಬಿಡಿ. ಆದರೆ ಇದ್ದಿದ್ದನ್ನು ಉಳಿಸಿದರೆ ಏನಾಗುತ್ತದೆ ಅಂತಲೂ ನೋಡಿದ್ದೇವೆ. ಅದೇ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್, ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಅವರ ಸಂಸ್ಥೆಯ ಜೊತೆ ಸೇರಿ ಹೊಸದರ ಹಾಗೆ ಮಾಡಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ವೆನಿಸ್‌ನವರು ನೋಡಿದ ಆ ಪ್ರಿಂಟ್ ತಿಪಟೂರಿಗೆ ಯಾವಾಗ ಬರುತ್ತದೆ? ಆ 3 ಕೋಟಿಯಲ್ಲಿ ಕಟ್ಟಡಕ್ಕೆ, ಉದ್ಘಾಟನೆಯ ಕಲ್ಲಿಗೆ ಕಡಿಮೆ ಹೋಗಲಿ, ನೆಗೆಟಿವ್ ಹುಡುಕುವುದಕ್ಕೆ ಜಾಸ್ತಿ ಹೋಗಲಿ.

ಪಕ್ಕದ ಕೇರಳದವರು 2024ರ ಮಾರ್ಚ್‌ನಲ್ಲೇ ‘ಸಿ ಸ್ಪೇಸ್’ ಅನ್ನೋ ಸರ್ಕಾರಿ ಒಟಿಟಿ ಶುರು ಮಾಡಿದರು. ಮೊದಲ ಕಂತಿನಲ್ಲಿ 42 ಸಿನಿಮಾ, ಅದರಲ್ಲಿ ಆರು ಸಾಕ್ಷ್ಯಚಿತ್ರ. ತಿಂಗಳ ಚಂದಾ ಅಲ್ಲ, ನೋಡಿದ ಸಿನಿಮಾಗೆ ಮಾತ್ರ 75 ರೂಪಾಯಿ, ಅದರಲ್ಲಿ ಅರ್ಧ ನಿರ್ಮಾಪಕರಿಗೆ. ಈ ಪದ್ಧತಿ ನನಗೆ ಹಿಡಿಸಿತು. ಯಾರ ಸಿನಿಮಾ ಎಷ್ಟು ಜನ ಕೊನೇವರೆಗೂ ನೋಡಿದರು ಅಂತ ಲೆಕ್ಕ ಸಿಗುತ್ತದೆ. ಆ ಲೆಕ್ಕವನ್ನು ಮುಚ್ಚಿಡದೇ ಪ್ರಕಟಿಸಿ. ಮುಂದಿನ ಸಲ ಸಮಿತಿ ಕೂತಾಗ ಮೇಷ್ಟ್ರು ಭಾಷಣದ ಸಿನಿಮಾದ ಪಕ್ಕ ಆ ಅಂಕಿ ಇಟ್ಟುಕೊಳ್ಳಬಹುದು.

ಇಷ್ಟಕ್ಕೂ ಮೊದಲ ವಾರಕ್ಕೆ ಏನು ಹಾಕಬೇಕು ಅಂತ ನನ್ನನ್ನು ಕೇಳಿದರೆ: ಶುಕ್ರವಾರ ‘ಆಕ್ಸಿಡೆಂಟ್’, ಶನಿವಾರ ‘ಘಟಶ್ರಾದ್ಧ’ದ ಹೊಸ ಪ್ರಿಂಟ್, ಭಾನುವಾರ ಮಧ್ಯಾಹ್ನ ‘ಗಣೇಶನ ಮದುವೆ’. ಅಮ್ಮನ ಕಡೆಯಿಂದ ಒಂದು ಸೇರ್ಪಡೆ ಇದೆ: ಅಕ್ಷರ ದೊಡ್ಡದಾಗಿರಲಿ, ಹುಡುಕುವ ಜಾಗದಲ್ಲಿ ಕನ್ನಡದಲ್ಲೇ ಬರೆದರೆ ಸಿನಿಮಾ ಸಿಗಲಿ, ಆ್ಯಪ್ ಹಳೇ ಟಿವಿಯಲ್ಲೂ ಓಡಲಿ. ದುಡ್ಡು ಕೇಳಿದರೆ ಕೊಡುತ್ತೇವೆ.

ಇಂತಿ,
ತಿಪಟೂರಿನ ಒಬ್ಬ ಪ್ರೇಕ್ಷಕ